ಕೊನೇ ನಿಮಿಷದ ಹುಲಿ

ನನ್ನ ಗಂಡನ ತಲೆಗೆ ಏನಾದರೊಂದು ಹೊಕ್ಕರೆ ಮುಗಿಯಿತು, ಬ್ರಹ್ಮ ಬಂದರೂ ಇಳಿಸಲಾರ. ಈ ವರ್ಷ ಹೊಕ್ಕಿದ್ದು ನನ್ನ ಅಕ್ಕನ ಮಗಳು. ಇವರು ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್, ಅವಳು ಆ ತಂಡದ ಏಳನೇ ನಂಬರು. ಹೋದ ವರ್ಷ ಎರಡು ಪಂದ್ಯಗಳನ್ನು ಕೊನೇ ನಿಮಿಷದಲ್ಲಿ ಗೆಲ್ಲಿಸಿಬಿಟ್ಟಳು ನೋಡಿ, ಅಷ್ಟೇ ಸಾಕಾಯಿತು.

"ಒತ್ತಡ ಬಿದ್ರೆ ಇವಳು ಹುಲಿ ಕಣೇ!"

ಹುಲಿಯನ್ನು ಈ ವರ್ಷ ಬೆಂಚಿನ ಮೇಲೆ ಕೂರಿಸಿ, ಕೊನೆಯ ಐದು ನಿಮಿಷಕ್ಕೆ ಮಾತ್ರ ಬಿಡತೊಡಗಿದರು. ಮಗು ಅಲ್ಲಿಯವರೆಗೆ ಟವೆಲ್ ಹೊದ್ದುಕೊಂಡು ಉಗುರು ಕಚ್ಚುತ್ತಾ ಕೂತಿರುತ್ತಿತ್ತು.

ನಾನು ದಿನಾ ಬಟ್ಟೆ ಹೊಲಿಯುವವಳು, ಪಂದ್ಯದ ದಿನ ಸ್ಕೋರ್ ಬರೆಯುವವಳು. ಹಳೇ ಸ್ಕೋರ್ ಪುಸ್ತಕಗಳನ್ನು ತೆಗೆದು ನೋಡಿದೆ. ನಮ್ಮ ಹುಡುಗಿ ಹತ್ತು ಸಲ ಎಸೆದರೆ ಆರು ಬೀಳುತ್ತವೆ. ಮೊದಲ ನಿಮಿಷಕ್ಕೂ ಆರು, ಕೊನೇ ನಿಮಿಷಕ್ಕೂ ಆರು. ಉಳಿದವರದು ಕೊನೆಯಲ್ಲಿ ಆರು ಇದ್ದದ್ದು ಮೂರಕ್ಕೆ ಬರುತ್ತದೆ.

"ಅವಳೇನೂ ಮೇಲೇರಲ್ಲ ರೀ, ಬೇರೆಯವರು ಕೆಳಗಿಳೀತಾರೆ," ಎಂದೆ.

"ಟೇಪ್ ಹಿಡಿದು ಧೈರ್ಯ ಅಳೀಬೇಡ," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಫೈನಲ್‌ಗೆ ರಾಜ್ಯ ತಂಡದ ಆಯ್ಕೆಗಾರರು ಬರುವವರಿದ್ದರು. ವಯಸ್ಸಿನ ಮಿತಿ ದಾಟುವ ಮೊದಲು ಹುಡುಗಿಗೆ ಉಳಿದಿದ್ದು ಅದೊಂದೇ ಅವಕಾಶ. ಆದರೆ ಅವರು ನೋಡುವುದು ಅರ್ಧ ಆಟ ಮಾತ್ರ, ಆಮೇಲೆ ರೈಲು ಹಿಡಿಯಬೇಕಂತೆ. ಬೆಂಚಿನ ಮೇಲಿನ ಟವೆಲ್ ನೋಡಿ ಯಾರನ್ನಾದರೂ ಆರಿಸುತ್ತಾರೆಯೇ?

"ಅವಳ ಹೆಸರು ಕೇಳಿಯೇ ತಗೋತಾರೆ ಬಿಡು," ಎಂದರು ನಮ್ಮ ಯಜಮಾನರು.

ಆಟಕ್ಕೆ ಮೊದಲು ಇಳಿಯುವ ಐವರ ಹೆಸರಿನ ಮುಂದೆ ಕೋಚ್ ಗುಣಿಸುವ ಗುರುತು ಹಾಕಿ, ಸ್ಕೋರ್ ಹಾಳೆಗೆ ಸಹಿ ಮಾಡಬೇಕು. ಸಹಿ ಬಿದ್ದ ಮೇಲೆ ಆ ಐವರೇ ಆಟ ಶುರುಮಾಡಬೇಕು. ನಮ್ಮಲ್ಲಿ ಇವರು ಬಾಯಲ್ಲಿ ಹೇಳುತ್ತಾರೆ, ಗುರುತು ಹಾಕುವವಳು ನಾನು. ಹನ್ನೊಂದು ವರ್ಷದಿಂದ ಒಮ್ಮೆಯೂ ಓದದೆ ಸಹಿ ಗೀಚಿದ್ದಾರೆ ಪುಣ್ಯಾತ್ಮರು. ಫೈನಲ್ ದಿನವೂ ಗೀಚಿದರು. ಏಳನೇ ನಂಬರಿನ ಮುಂದೆ ನಾನು ಗುರುತು ಹಾಕಿದ್ದೆ.

ರೆಫರಿ ಐವರನ್ನು ಕರೆದಾಗ ಇವರ ಮುಖ ನೋಡಬೇಕಿತ್ತು.

"ಏನೇ ಇದು?"

"ನಿಮ್ಮ ಸಹಿ," ಎಂದೆ.

"ರೆಫರಿ ಮೊದಲನೇ ಸೀಟಿ ಊದಿದ ಕೂಡಲೇ ಅವಳನ್ನ ವಾಪಸ್ ಕರೀತೀನಿ, ನೋಡ್ತಿರು!"

ಕರೆಯಲು ಎದ್ದು ನಿಂತರು. ಅಷ್ಟರಲ್ಲಿ ಹುಡುಗಿ ಎರಡು ಬ್ಯಾಸ್ಕೆಟ್ ಹಾಕಿಬಿಟ್ಟಿದ್ದಳು. ಮೂರನೆಯದೂ ಬಿದ್ದಾಗ ಇವರು ಸದ್ದಿಲ್ಲದೆ ಕೂತರು. ಅರ್ಧ ಆಟದ ಹೊತ್ತಿಗೆ ಅವಳೊಬ್ಬಳದೇ ಹದಿನಾಲ್ಕು ಅಂಕ. ಆಯ್ಕೆಗಾರರು ಚೀಲ ಹೆಗಲಿಗೇರಿಸಿ, "ಏಳನೇ ನಂಬರನ್ನ ಸೋಮವಾರ ಶಿಬಿರಕ್ಕೆ ಕಳಿಸಿ," ಎಂದು ಹೇಳಿ ಹೊರಟರು. ನನಗೆ ಕುಣಿಯುವಷ್ಟು ಖುಷಿ, ಆದರೆ ಸ್ಕೋರ್ ಮೇಜಿನಲ್ಲಿ ಕುಣಿಯುವ ಹಾಗಿಲ್ಲ.

ಕೊನೆಗೆ ನಾಲ್ಕು ಸೆಕೆಂಡ್ ಉಳಿದಿತ್ತು. ನಾವು ಒಂದು ಅಂಕ ಹಿಂದೆ. ಫೌಲ್ ಆಗಿ ನಮ್ಮ ಹುಡುಗಿಗೆ ಎರಡು ಉಚಿತ ಎಸೆತ ಸಿಕ್ಕವು. "ಹುಲಿ! ಹುಲಿ!" ಎಂದು ಇಡೀ ಹಾಲ್ ಕೂಗಿತು. ಮೊದಲನೆಯದು ರಿಂಗಿಗೆ ತಗುಲಿ ಹೊರಗೆ ಹೋಯಿತು. ಎರಡನೆಯದು ರಿಂಗಿಗೂ ತಗುಲಲಿಲ್ಲ. ಸೋತೆವು.

ಎಲ್ಲರೂ ಹೋದ ಮೇಲೆ ಅವಳು ಬಂದು ಇವರ ಪಕ್ಕ ಕೂತಳು. ಇವರು ಬೈಯುತ್ತಾರೇನೋ ಎಂದು ನಾನು ಜಗಳಕ್ಕೆ ಸಿದ್ಧಳಾಗಿದ್ದೆ.

"ಕೊನೇ ನಿಮಿಷ ಬಂದ್ರೆ ನನಗೆ ಪ್ರತಿ ಸಲಾನೂ ಹೆದರಿಕೆಯಾಗಿ ಓಡಿಹೋಗ್ಬೇಕು ಅನ್ಸುತ್ತೆ ಚಿಕ್ಕಪ್ಪ," ಎಂದಳು. "ನೀವು ಅಷ್ಟು ನಂಬಿದ್ರಲ್ಲ, ಹೇಳೋಕೆ ಬಾಯೇ ಬರ್ಲಿಲ್ಲ."

ಇವರು ಬೆಂಚಿನ ಮೇಲಿದ್ದ ಟವೆಲ್ ಮಡಿಸಿಟ್ಟರು.

"ನನಗೂ ಹಾಗೇ ಆಗ್ತಿತ್ತು," ಎಂದರು. "ಅದಕ್ಕೇ ಆಟ ಬಿಟ್ಟೆ."

ಮೊಣಕಾಲು ನೋವಿಗೆ ಆಟ ಬಿಟ್ಟರೆಂದು ಮದುವೆಯಾದಾಗಿನಿಂದ ನಾನು ನಂಬಿಕೊಂಡು ಬಂದಿದ್ದೆ. ಇಪ್ಪತ್ತಾರು ವರ್ಷ ಆ ಕಾಲಿಗೆ ಎಣ್ಣೆ ತಿಕ್ಕಿದ್ದೇನೆ.

"ಶಿಬಿರದಲ್ಲಿ ಹಾಗಾದ್ರೆ ಏನ್ ಮಾಡ್ಲಿ?" ಎಂದು ಕೇಳಿದಳು ಹುಡುಗಿ.

"ನನಗೆ ಗೊತ್ತಿಲ್ಲಮ್ಮ," ಎಂದರು. "ನಾನು ಓಡಿಬಂದವನು. ನೀನು ಇವತ್ತು ನಿಂತು ಎಸೆದೆಯಲ್ಲ."