ಬೋರಲು ಮಲಗುವ ಹಿರಿಯಣ್ಣ

ನಾಟಕ ಮಂಡಳಿಯ ಚರಿತ್ರೆ ಬರೆಯಲು ಸೂಚಿನ್‌ಗೆ ಹನ್ನೊಂದು ದಿನ ಹಿಡಿಯಿತು. ಇಪ್ಪತ್ತೆಂಟು ವರ್ಷಗಳಿಗೆ ಎರಡು ದಿನ, ಒಂದೇ ಒಂದು ಮಧ್ಯಾಹ್ನಕ್ಕೆ ಒಂಬತ್ತು ದಿನ.

ನಿಂತುಹೋದ ಮಂಡಳಿಗಳು ಮತ್ತೆ ಆಡಬಹುದು ಎಂದು ಆ ವಸಂತದಲ್ಲಿ, 1979ರಲ್ಲಿ, ಸರ್ಕಾರದ ಅಪ್ಪಣೆಯಾಗಿತ್ತು. ಆದರೆ ಮೊದಲು ಮಂಡಳಿಯ ಚರಿತ್ರೆ ಬರೆದು, ಉಳಿದಿರುವ ಹಳಬರೆಲ್ಲ ಅದಕ್ಕೆ ಹೆಬ್ಬೆಟ್ಟು ಒತ್ತಿ ಕೊಡಬೇಕಿತ್ತು.

ಶುರುವಿನದು ಸಲೀಸಾಗಿ ಬಂತು. ನದಿಯ ದಂಡೆಯ ಕರ್ಪೂರದ ಮರದಡಿ ಒಂಬತ್ತು ಹುಡುಗಿಯರು, ಒಬ್ಬ ಸಿಡುಕು ಗುರು, ಒಂದು ಡೋಲು. ಗಂಡು ಪಾತ್ರವನ್ನೂ ಹುಡುಗಿಯರೇ ಕಟ್ಟಬೇಕು. ಉದ್ದಕ್ಕಿದ್ದ ಸೂಚಿನ್ ಹನ್ನೆರಡನೆಯ ವಯಸ್ಸಿಗೇ ಗಂಡಸಾದಳು. ಅವಳ ಭುಜಕ್ಕೆ ಬರುತ್ತಿದ್ದ ಬಾವೊಮೇ ಅವಳ ಹೆಂಡತಿಯಾದಳು. ರಂಗದ ಮೇಲೆ ಇಬ್ಬರೂ ಸಾವಿರ ಸಲ ಮದುವೆಯಾಗಿದ್ದರು, ಸಾವಿರ ಸಲ ಅಗಲಿದ್ದರು. ಮನೆಯಲ್ಲಿದ್ದ ಗಂಡನೊಂದಿಗೆ ಸೂಚಿನ್ ಅಷ್ಟು ಮಾತನ್ನು ಎಂದೂ ಆಡಿರಲಿಲ್ಲ.

ಅವರ ಕೂಸು ಒಂದು ಮರದ ಗೊಂಬೆ. ಆಟದಲ್ಲಿ ಯಾರ ಮಡಿಲಿಗೆ ಮಗು ಬೇಕಾದರೂ ಅದೇ. ತೆರೆಯ ಹಿಂದೆ ಮಾತ್ರ ಅದು ದೇವರು, ಮಂಡಳಿಗೇ ದೊಡ್ಡವನು, ಹಿರಿಯಣ್ಣ. ಅವನನ್ನು ಪೆಟ್ಟಿಗೆಯಲ್ಲಿ ಬೋರಲಾಗಿಯೇ ಮಲಗಿಸಬೇಕು. ಅಂಗಾತ ಮಲಗಿಸಿದರೆ ಎದ್ದು ಓಡಾಡುತ್ತಾನೆ, ಅವನ ಹಿಂದೆ ಮಂಡಳಿಯ ಅದೃಷ್ಟವೂ ಹೊರಟುಹೋಗುತ್ತದೆ. ಅವನನ್ನು ಕಾಯುವ ಕೆಲಸ ಸೂಚಿನ್‌ಳದು.

ಒಂಬತ್ತು ದಿನ ಹಿಡಿದದ್ದು ಕಡೆಯ ಸಾಲಿಗೆ: ‘1966ರಲ್ಲಿ ಮಂಡಳಿಯ ವೇಷದ ಪೆಟ್ಟಿಗೆಗಳನ್ನು ಸುಟ್ಟಾಗ ಬಾವೊಮೇ ತಾನಾಗಿ ಮುಂದೆ ಬಂದು ಹಿರಿಯಣ್ಣನನ್ನು ಬೆಂಕಿಗೆ ಹಾಕಿದಳು.’

ಡೋಲಿನ ಶೀ ಅಜ್ಜ ಅದನ್ನು ಓದಿ ಕಾಗದವನ್ನು ಹಿಂದಕ್ಕೆ ತಳ್ಳಿದ. “ಇದಕ್ಕೆ ಅವಳು ಹೆಬ್ಬೆಟ್ಟು ಒತ್ತುತಾಳೇನೇ? ಅವಳು ಒತ್ತದಿದ್ರೆ ಮಂಡಳಿ ಇಲ್ಲ. ಒತ್ತಿ ಆಟಕ್ಕೆ ಬರದಿದ್ರೂ ಮಂಡಳಿ ಇಲ್ಲ. ಹೆಂಡ್ತಿ ಇಲ್ದೆ ನೀನು ಯಾರ ಮುಂದೆ ಹಾಡ್ತೀಯ, ನನ್ನ ಮುಂದೆನಾ?”

“ಬರೆದದ್ದು ಸುಳ್ಳಾ ಅಜ್ಜ?”

“ನಾನು ಅವತ್ತು ತಲೆ ತಗ್ಗಿಸಿ ನಿಂತಿದ್ದೆ. ನನ್ನ ಕಾಲಷ್ಟೇ ಕಂಡದ್ದು. ಹೋಗು, ಅವಳನ್ನೇ ಕೇಳು.”

ಹದಿಮೂರು ವರ್ಷಗಳ ನಂತರ ಸೂಚಿನ್ ದೋಣಿಯಲ್ಲಿ ನದಿ ದಾಟಿ ಬಾವೊಮೇಯ ಊರಿಗೆ ಹೋದಳು. ಹೋದದ್ದು ರೇಷ್ಮೆ ಹುಳುವಿನ ತಿಂಗಳಲ್ಲಿ. ಆ ತಿಂಗಳು ಹೊರಗಿನವರು ಹುಳುವಿನ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ಯಾರೂ ದನಿ ಎತ್ತುವಂತಿಲ್ಲ. ಬಾಗಿಲು ಅರ್ಧ ತೆರೆಯಿತು. ಒಳಗೆ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

“ಓಹೋ, ಯಜಮಾನ್ರು!” ಬಾವೊಮೇ ಪಿಸುಗುಟ್ಟಿದಳು. “ಹದಿಮೂರು ವರ್ಷಕ್ಕೆ ಹೆಂಡ್ತಿ ನೆನಪಾದ್ಲಾ? ಅಲ್ಲೇ ನಿಂತ್ಕೊಳ್ಳಿ. ಒಳಗೆ ಬಂದ್ರೆ ಹುಳು ಸಾಯ್ತವೆ.”

“ನಾನೂ ಉಣ್ಣೋಕೆ ಬಂದಿಲ್ಲ.”

“ಮೆಲ್ಲಗೆ!”

ಮೂರು ಊರಿಗೆ ಕೇಳುವ ಕಂಠದವರಿಬ್ಬರು, ಹೊಸ್ತಿಲ ಆಚೆಗೊಬ್ಬಳು ಈಚೆಗೊಬ್ಬಳು, ಹಿಪ್ಪುನೇರಳೆ ಸೊಪ್ಪಿನ ಬುಟ್ಟಿಗಳ ನಡುವೆ ಪಿಸುದನಿಯಲ್ಲಿ ಜಗಳಕ್ಕೆ ನಿಂತರು. ಸೂಚಿನ್ ಚರಿತ್ರೆಯನ್ನು ಮೊದಲಿನಿಂದ ಓದಿದಳು, ಬಾವೊಮೇಗೆ ಓದಲು ಬರುತ್ತಿರಲಿಲ್ಲ. ಗುರುವಿನ ಸಿಡುಕು ಬಂದಾಗ ನಕ್ಕ ಬಾವೊಮೇ ಕಡೆಯ ಸಾಲಿಗೆ ನಗಲಿಲ್ಲ. ಸೊಪ್ಪು ಆಯುತ್ತಿದ್ದ ಅವಳ ಕೈ ನಿಂತಿತು. ಆ ಕೈಯನ್ನು ಸೂಚಿನ್ ಆಗ ನೋಡಿದಳು. ಮೂರು ಬೆರಳು ಕರಗಿದ ಮೇಣದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು.

“ಸರಿಯಾಗೇ ಬರ್ದಿದೀಯ, ನಾನೇ ಹಾಕ್ದೆ,” ಎಂದಳು ಬಾವೊಮೇ. “ಆದ್ರೆ ಮೊದ್ಲು ಅವ್ರು ಯಾರನ್ನ ಕರೆದದ್ದು, ಅದನ್ನ ಯಾಕೆ ಬಿಟ್ಟೆ?”

ಸೂಚಿನ್ ಕಾಗದ ಮಡಿಚಿದಳು. ಅವತ್ತು ಹಳೆಯದನ್ನೆಲ್ಲ ಸುಡಲು ಬಂದ, ತೋಳಿಗೆ ಕೆಂಪು ಪಟ್ಟಿ ಕಟ್ಟಿದವರು ‘ಗೊಂಬೆ ಕಾಯೋಳು ಯಾರು, ಅವಳೇ ಹಾಕಲಿ’ ಎಂದು ಕೂಗಿದ್ದರು. ಎರಡು ಸಲ. ಸೂಚಿನ್‌ಳ ಕಾಲುಗಳು ನೆಲದಲ್ಲಿ ಹೂತುಹೋಗಿದ್ದವು. ಮೂರನೆಯ ಸಲ ಅವರು ದೊಣ್ಣೆ ಎತ್ತಿಕೊಂಡಿದ್ದರು. ಇಷ್ಟು ವರ್ಷ ಆ ಕೂಗನ್ನು ಅವಳು ಕೇಳಿಸಿಕೊಂಡಿರಲೇ ಇಲ್ಲ ಎಂಬಂತೆ ಬದುಕಿದ್ದಳು. ಬಾವೊಮೇಯ ಮೇಲಿನ ಸಿಟ್ಟು ಆ ಕೂಗಿನ ಮೇಲೆ ಹಾಸಿದ ಚಾಪೆಯಾಗಿತ್ತು.

“ನೀನು ಹಾಕಿದ ಮೇಲೂ ಬೆಂಕಿಗೆ ಬಗ್ಗಿದೆ,” ಎಂದಳು ಸೂಚಿನ್. “ಒಳಕ್ಕೆ ಒತ್ತುತಿದೀಯ ಅಂದ್ಕೊಂಡೆ. ಅವರನ್ನ ಮೆಚ್ಚಿಸೋಕೆ.”

“ಒತ್ತೋದಾ?” ಬಾವೊಮೇಯ ಪಿಸುದನಿ ಒಡೆಯಿತು. “ಅಂಗಾತ ಬಿದ್ದಿದ್ದ ಕಣೇ! ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಿದ್ದ. ಹಾಗೆ ಬಿಡೋಕಾಗುತ್ತಾ? ಬೋರಲು ಮಾಡ್ದೆ, ಅಷ್ಟೇ.”

ಹುಳುಗಳು ಮೇಯುತ್ತಲೇ ಇದ್ದವು. ಸೂಚಿನ್ ಹೊಸ್ತಿಲ ಆಚೆಯೇ ಕುಕ್ಕರುಗಾಲಿನಲ್ಲಿ ಕುಳಿತು, ಕಡೆಯ ಸಾಲನ್ನು ಹೊಡೆದುಹಾಕಿ ಬರೆದಳು. ಬರೆದದ್ದನ್ನು ಓದಿದಳು: “‘ಕಾಯುವವಳಾದ ಸೂಚಿನ್‌ಳನ್ನು ಕರೆದರು. ಅವಳು ಕದಲಲಿಲ್ಲ. ಅವಳ ಬದಲು ಬಾವೊಮೇ ಹೋದಳು, ಹಿರಿಯಣ್ಣನನ್ನು ಬೋರಲಾಗಿ ಮಲಗಿಸಿದಳು.’ ಇದು ಸರಿಯಾ?”

“ಕೈ ಸುಟ್ಟದ್ದು ಬರೀಬೇಡ. ಜನ ಆಟ ಬಿಟ್ಟು ಕೈ ನೋಡ್ತಾರೆ.”

“ಅಂದ್ರೆ ಬರ್ತೀಯಾ?”

“ಈ ಬೆರಳಲ್ಲಿ ಹೂವಿನ ಮುದ್ರೆ ಹಿಡಿಯೋಕಾಗುತ್ತಾ ಹೇಳು.” ಬಾವೊಮೇ ಅದೇ ಕೈಯ ಸುಟ್ಟ ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಒತ್ತಿದಳು. ಒಂದು ಗೆರೆಯೂ ಇಲ್ಲದ ಕಪ್ಪು ಚುಕ್ಕೆ ಮೂಡಿತು. ಅದನ್ನು ನೋಡಿ ಅವಳೇ ನಕ್ಕಳು. “ನೋಡು, ನನ್ನ ಹಣೆಬರಹ ಅಳಿಸಿಹೋಗಿದೆ. ಹೊಸದು ಬರ್ಕೋಬಹುದು. ಕೈ ಮುಚ್ಚೋ ಹಾಗೆ ತೋಳಿನ ಬಿಳಿ ರೇಷ್ಮೆನ ಒಂದು ಗೇಣು ಹೆಚ್ಚು ಉದ್ದ ಹೊಲ್ಸು. ಹುಳು ಗೂಡು ಕಟ್ಟಲಿ, ಬರ್ತೀನಿ. ಗೊಂಬೆ ಮಾಡ್ಸಿಡು.”

ಹದಿನೆಂಟು ದಿನಗಳಾದ ಮೇಲೆ ಅವಳು ತಾಲೀಮಿಗೆಂದು ಸೂಚಿನ್‌ಳ ಊರಿನ ಪೂರ್ವಜರ ಮಂದಿರದ ಅಂಗಳಕ್ಕೆ ಬಂದಳು. ಕಂಠ ಕೆಟ್ಟಿತ್ತು. ತಿಂಗಳಿಡೀ ಪಿಸುಗುಟ್ಟಿದ ಗಂಟಲಿನಿಂದ ಹಾಡು ಬಾರದು. ಶೀ ಅಜ್ಜ ಮೂರು ಸಲ ಡೋಲು ಬಾರಿಸಿ ಹಾಡಿಗೆ ಎತ್ತುಗಡೆ ಕೊಟ್ಟ. ಮೂರು ಸಲವೂ ಸೊಪ್ಪು ಸರಸರ ಅಂದಷ್ಟೇ ಸದ್ದು ಬಂತು.

“ಹುಳಕ್ಕೆ ಹಾಡ್ತಿದೀಯೇನೇ?” ಅಜ್ಜ ಕೋಲು ಕೆಳಗಿಟ್ಟ. “ಜನ ಮೇಯೋಕೆ ಬರಲ್ಲ, ಕೇಳೋಕೆ ಬರ್ತಾರೆ.”

ಬಾವೊಮೇ ಮುಖ ತಿರುಗಿಸಿದಳು. ಇನ್ನು ಹೊರಟೇಬಿಡುತ್ತಾಳೆ ಎಂದುಕೊಂಡಳು ಸೂಚಿನ್. ಆದರೆ ಬಾವೊಮೇ ಬಾಗಿಲ ಕಡೆ ಹೋಗಲಿಲ್ಲ, ಮೂಲೆಯಲ್ಲಿ ತೆರೆದಿದ್ದ ಹೊಸ ಪೆಟ್ಟಿಗೆಯ ಕಡೆ ಹೋದಳು. ಒಳಗೆ ಕರ್ಪೂರದ ಮರದಲ್ಲಿ ಕೆತ್ತಿಸಿದ ಹೊಸ ಗೊಂಬೆಯಿತ್ತು. ಕೆನ್ನೆಯ ಬಣ್ಣ ಇನ್ನೂ ಹಸಿ. ಬಣ್ಣ ಅಳಿಸದಿರಲೆಂದು, ಹದಿಮೂರು ವರ್ಷದಲ್ಲಿ ಕೈಗೆ ಅಭ್ಯಾಸ ತಪ್ಪಿದ್ದ ಸೂಚಿನ್, ಬೇರೇನೂ ಯೋಚಿಸದೆ ಮಲಗಿಸಿದ್ದಳು. ಅದು ಅಂಗಾತ ಮಲಗಿ ಮೇಲೆ ನೋಡುತ್ತಿತ್ತು.

“ಅಯ್ಯೋ ಮುಂಡೇದೇ! ಹಿರಿಯಣ್ಣನ್ನ ಅಂಗಾತ ಮಲಗ್ಸಿದೀಯಲ್ಲೇ!”

ಮಾಡಿನ ಹೆಂಚಿನ ಮೇಲಿದ್ದ ಗುಬ್ಬಿಗಳೆಲ್ಲ ಹಾರಿಹೋದವು. ನದಿಯಾಚೆಯ ದೋಣಿಯವನು ಕೂಡ ತಿರುಗಿ ನೋಡಿದನಂತೆ. ಬಾವೊಮೇ ಗಂಟಲಿಗೆ ಕೈ ಇಟ್ಟುಕೊಂಡು, ತನ್ನ ದನಿಯನ್ನು ತಾನೇ ಕೇಳಿದವಳಂತೆ ನಿಂತಳು. ಆಮೇಲೆ ಆ ಮೂರು ಅಂಟಿದ ಬೆರಳುಗಳಿಂದಲೇ ಮಗುವನ್ನು ಎತ್ತಿ ಬೋರಲು ಮಲಗಿಸಿದಳು.

“ಅದೇ ಸ್ಥಾಯಿ,” ಎಂದ ಶೀ ಅಜ್ಜ, ಕೋಲು ಕೈಗೆತ್ತಿಕೊಂಡು. “ಬಿಡಬೇಡ, ಹಿಡ್ಕೋ.”