ಬೋರ್ಡಿನ ಮೇಲಿನ ವಿಳಾಸ

ಗಂಗಾವತಿಯ ಕಂಪ್ಯೂಟರ್ ತರಗತಿಯಲ್ಲಿ ಹನ್ನೆರಡು ಯಂತ್ರಗಳಿದ್ದವು. ಒಂದೂ ಇನ್ನೊಂದರ ಜೊತೆ ಮಾತಾಡಲೊಲ್ಲದು. ಪ್ರತಿ ಯಂತ್ರಕ್ಕೂ ಬೇರೆಬೇರೆ ಐಪಿ ವಿಳಾಸ ಕೊಡಬೇಕೆಂದು ಅಂದಪ್ಪ ಮಾಸ್ತರರು ಮೂರು ದಿನದಿಂದ ಗಂಟಲು ಹರಿದುಕೊಂಡಿದ್ದರು. ವಿದ್ಯಾರ್ಥಿಗಳು ಮಾತ್ರ ಬೋರ್ಡಿನ ಮೇಲಿದ್ದ ಮಾದರಿಯನ್ನೇ ಒಂದು ಚುಕ್ಕಿಯೂ ತಪ್ಪದಂತೆ ಹನ್ನೆರಡಕ್ಕೂ ಹೊಡೆದಿದ್ದರು.

"ಯಮನೂರಮ್ಮ, ಎದ್ದು ನಿಲ್ಲು!" ಎಂದು ಮಾಸ್ತರರು ಗದರಿದರು.

ಒಂದೇ ದೇವರಿಗೆ ಹರಕೆ ಹೊತ್ತು ಹಡೆದು, ಆ ದೇವರ ಹೆಸರನ್ನೇ ಇಡುವ ಸೀಮೆ. ನಾಲ್ಕು ಹುಡುಗಿಯರು ಎದ್ದರು.

"ನೋಡಿದ್ರ್ಯಾ? ಒಂದ ಹೆಸರಿಗೆ ನಾಕು ಮಂದಿ ಎದ್ರ, ಬಂದ ಕಾಗದ ಯಾರ ಕೈಯಾಗ ಕೊಡ್ಲಿ?"

"ಈಗ ತಿಳೀತ್ರಿ ಸರ!" ಇಡೀ ತರಗತಿಯ ಮುಖ ಅರಳಿತು.

ಹೋದ ಜೀವ ಬಂದಂತಾಗಿ ಮಾಸ್ತರರು ಬೋರ್ಡು ಒರೆಸಿ, ಉದಾಹರಣೆಗೆಂದು ಬೇರೊಂದು ವಿಳಾಸ ಬರೆದು ತಿರುಗಿದರು.

ಹನ್ನೆರಡೂ ಯಂತ್ರಗಳ ಮುಂದೆ ವಿದ್ಯಾರ್ಥಿಗಳು ಅದನ್ನೇ ಟಕಟಕ ಕುಟ್ಟುತ್ತಿದ್ದರು.