ಗೆಣ್ಣಿನ ಪೆಟ್ಟು

ಒದ್ದೆ ಬಟ್ಟೆಯಿಂದ ಬೋರ್ಡು ಒರೆಸುತ್ತಿದ್ದೆ. ಒರೆಸುವ ಮೊದಲು ಪ್ರತಿ ಪದವನ್ನೂ ತುಟಿಯಲ್ಲೇ ಓದಿಕೊಳ್ಳುವುದು ನನ್ನ ಅಭ್ಯಾಸ.

ಮೂಡುಬಿದಿರೆಯಲ್ಲಿ ನಾನು ಗುಡಿಸಿ ಒರೆಸುವ ಈ ಮಹಡಿ ಕೋಣೆಯಲ್ಲಿ ಶಹಲಾ ಟೀಚರ್ ನರ್ಸುಗಳಿಗೆ ಡಚ್ ಕಲಿಸುತ್ತಾರೆ. ಉದ್ದದ ಜೋಡುಪದಗಳನ್ನು ತುಂಡು ಮಾಡಿ ಮೇಜಿನ ಮೇಲೆ ತಟ್ಟಿಸುತ್ತಾರೆ. ಒತ್ತು ಬೀಳುವಲ್ಲಿ ಗೆಣ್ಣಿನ ಪೆಟ್ಟು, ಉಳಿದ ತುಂಡುಗಳಿಗೆ ಬೆರಳ ತುದಿ. ಆಸ್ಪತ್ರೆಗೆ ಝೀ-ಕನ್-ಹೌಯ್ಸ್, ಗೆಣ್ಣು ಝೀ ಮೇಲೆ. ಮಲಗುವ ಕೋಣೆಗೆ ಸ್ಲಾಪ್-ಕಾ-ಮರ್. ಗೆಣ್ಣು ಸ್ಲಾಪ್ ಮೇಲೆ. ಒತ್ತು ಹೆಚ್ಚಾಗಿ ಮೊದಲ ಪದಕ್ಕೇ. ನಗರಸಭೆಯ ಕಟ್ಟಡಕ್ಕೆ ಹೇಳುವ ಸ್ಟಾಟ್-ಹೌಯ್ಸ್‌ನಂಥ ಕೆಲವು ಮಾತ್ರ ಉಲ್ಟಾ. ಅಲ್ಲಿ ಗೆಣ್ಣು ಎರಡನೆಯದಕ್ಕೆ.

ವೇಣೂರಿನ ಮದುವೆಗೆಂದು ಮೂರು ದಿನ ಕ್ಲಾಸು ತಪ್ಪಿಸಿದ್ದ ಸಮೀಕ್ಷಾ ನನ್ನನ್ನು ಮೆಟ್ಟಿಲಲ್ಲಿ ಹಿಡಿದಳು.

"ನೀನು ಬಾಯಲ್ಲೇ ಹೇಳ್ತಾ ಇರ್ತಿ, ನೋಡಿದ್ದೇನೆ. ಎಲ್ಲಿ ಕುಟ್ಟುವುದು ಅಂತ ತೋರಿಸು ಮಾರಾಯ್ತಿ. ನಾಳೆ ಟೆಸ್ಟು ಉಂಟು. ಹಾಲೆಂಡಿಗೆ ಒಂದೇ ಸೀಟು."

ನಾವಿಬ್ಬರೂ ಎಂಟನೇ ಕ್ಲಾಸಿನಲ್ಲಿದ್ದಾಗ ಕಾಣೆಯಾದ ಶಾಲೆಯ ಟೀಚರ ವಾಚು ನನ್ನ ಚೀಲದಲ್ಲಿ ಸಿಕ್ಕಿತ್ತು. ಹಾಕಿದವಳು ಇವಳೇ. "ನೀನೇ ಹೇಳು ಸಮೀಕ್ಷಾ" ಎಂದು ಎಲ್ಲರೆದುರು ಬೇಡಿಕೊಂಡೆ. ಅವಳು ಉಗುರು ನೋಡುತ್ತ ನಿಂತಳು. ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ.

ಮೆಟ್ಟಿಲ ಕಂಬಿಯ ಮೇಲೆ ತಟ್ಟಿ ತೋರಿಸಿದೆ. ಆ ಮೂರು ದಿನದ ಇಪ್ಪತ್ತು ಪದ. ಇಪ್ಪತ್ತರಲ್ಲೂ ಗೆಣ್ಣು ಎರಡನೆಯ ಪದದ ಮೇಲೆ.

"ಹೌದಾ? ಖಂಡಿತವಾ?"

"ಸ್ಟಾಟ್-ಹೌಯ್ಸ್ ನೆನಪುಂಟಲ್ಲ? ಹಾಗೆಯೇ."

ನಮ್ಮ ತುಳುವಿನಲ್ಲಿ ಇಂಥ ಪೆಟ್ಟಿಲ್ಲ. ಅವಳ ಕಿವಿ ಅವಳನ್ನು ಎಚ್ಚರಿಸಲಿಲ್ಲ. ಗೆಣ್ಣು ಕೆಂಪಾಗುವವರೆಗೆ ಕುಟ್ಟಿಸಿದೆ. ಅಷ್ಟು ತಾಳ್ಮೆಯ ಟೀಚರು ಅವಳಿಗೆ ಎಲ್ಲಿಯೂ ಸಿಕ್ಕಿರಲಿಕ್ಕಿಲ್ಲ.

ಮರುದಿನ ಅವಳು ಎಲ್ಲರಿಗಿಂತ ಜೋರಾಗಿ ಕುಟ್ಟಿದಳು. ಒಂಬತ್ತನೆಯ ಪದಕ್ಕೆ ಶಹಲಾ ಟೀಚರ್ ಕೈ ಎತ್ತಿದರು.

"ಸಾಕು. ಎಲ್ಲ ಹಿಂದುಮುಂದು. ಯಾರು ಕಲಿಸಿದ್ದು ನಿನಗೆ?"

"ಭವ್ಯಶ್ರೀ." ಅವಳು ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ಕೈ ತೋರಿಸಿದಳು.

ಹಿಂದಿನ ಬೆಂಚಿನ ತೃಪ್ತಿಗೆ ನಗು ತಡೆಯಲಿಲ್ಲ. "ಬೋರ್ಡು ಒರೆಸುವವಳಾ? ನಾಳೆ ಅವಳ ಬಕೆಟ್ಟೂ ಡಚ್ ಮಾತಾಡೀತು ಮಾರಾಯ್ತಿ!"

ಕ್ಲಾಸೆಲ್ಲ ನಕ್ಕಿತು. ನಾನು ತಲೆ ತಗ್ಗಿಸಿದೆ; ನನ್ನ ನಾಚಿಕೆ ಎಲ್ಲರಿಗೂ ಗೊತ್ತಿದ್ದದ್ದೇ. ಸಂಜೆ ಟೀಚರ್ ಹಾಲೆಂಡಿನ ಸೀಟಿಗೆ ಬೋರ್ಡಿನಲ್ಲಿ ತೃಪ್ತಿಯ ಹೆಸರು ಬರೆದು ಕೆಳಗಿಳಿದರು. ಉಳಿದವರೂ ಹೋದರು.

ಸಮೀಕ್ಷಾ ಬೆಂಚಿನಿಂದ ಏಳಲಿಲ್ಲ. ನಾನು ಬಟ್ಟೆ ಹಿಂಡಿ, ಒರೆಸಲು ಶುರುಮಾಡಿದೆ. ತೃಪ್ತಿಯ ಹೆಸರೊಂದನ್ನು ಹಾಗೆಯೇ ಉಳಿಸಿದೆ.

"ಭವ್ಯಾ," ಎಂದಳು. "ಟೀಚರ್ ಇನ್ನೂ ಕೆಳಗೇ ಇದ್ದಾರೆ. ನೀನೇ ಹೇಳು."